ಇಂಗ್ರಿಡ್ ಅಪ್ಪನ ಕಿಡ್ನಿ

ನನ್ನ ಎರಡೂ ಕಿಡ್ನಿಗಳು ಸೋಲುತ್ತಿವೆ ಎಂದು ಡಾಕ್ಟರು ಹೇಳಿದ ದಿನ ನನಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಹೊರಗೆ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಸಮುದ್ರದ ದಂಡೆಯಲ್ಲಿ ಮನೆ ಬಾಡಿಗೆಗೆ ಹಿಡಿಯುವ ಮಾತಾಡುತ್ತಿದ್ದಳು. ನನ್ನ ಮುಂದಿನ ಅಪಾಯಿಂಟ್‌ಮೆಂಟ್ ಬರೆದುಕೊಡುತ್ತಲೇ ‘ಜುಲೈ ಬೇಡ, ಆಗಸ್ಟ್ ಇರಲಿ’ ಎಂದಳು. ಆಗಿನ್ನೂ ಚಳಿಗಾಲ. ಆಗಸ್ಟ್ ತಿಂಗಳನ್ನು ಅಷ್ಟು ಸಲೀಸಾಗಿ ತನ್ನದೆಂದುಕೊಂಡವಳನ್ನು ನಾನು ನೋಡುತ್ತಲೇ ನಿಂತೆ. ಗಂಡ ಸುನಿಲ್ ನನ್ನ ಕೋಟಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ.

ಕಾಯಿಲೆಯ ಬಗ್ಗೆ ಬರೆಯುವವರು ಧೈರ್ಯದ ಬಗ್ಗೆ ಬರೆಯುತ್ತಾರೆ, ದೇವರ ಬಗ್ಗೆ ಬರೆಯುತ್ತಾರೆ. ನಾನು ಚರ್ಚಿಗೆ ಹೋಗುವವಳೇ, ಪ್ರಾರ್ಥನೆಯನ್ನೂ ಬಿಟ್ಟವಳಲ್ಲ. ಆದರೆ ಈ ಕೆಲವು ವರ್ಷ ನನ್ನ ಜೊತೆ ಬಿಡದೆ ಇದ್ದದ್ದು ಹೊಟ್ಟೆಕಿಚ್ಚು. ಹೀಗೆ ಆಗುವುದು ತನಗೊಬ್ಬಳಿಗೇ ಎಂದುಕೊಂಡು ನಾಚುವವರು ಯಾರಾದರೂ ಇದ್ದರೆ ಅವರಿಗೆ ಒಂದು ಜೊತೆಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗುಣವಾಗಿ ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತೂ ನನ್ನ ರಕ್ತ ತೊಳೆಯುವುದು ಮಿಷನ್ನೇ.

ಶುರುವಾದದ್ದು ಕಾಲಿನ ಊತದಿಂದ. ಸಂಜೆ ಸಾಕ್ಸ್ ತೆಗೆದರೆ ಕಣಕಾಲಿನ ಮೇಲೆ ಅದರ ಅಚ್ಚು ಆಳವಾಗಿ ಉಳಿಯುತ್ತಿತ್ತು. ಮೂತ್ರದಲ್ಲಿ ನೊರೆ. ಐವತ್ತು ದಾಟಿದವಳಿಗೆ ಇವೆಲ್ಲ ಇದ್ದದ್ದೇ ಎಂದುಕೊಂಡೆ. ನಮ್ಮ ಮನೆ ಇರುವುದು ಜರ್ಸಿಯಲ್ಲಿ, ಭಾರತದವರೇ ತುಂಬಿದ ಊರಾದ ಐಸೆಲಿನ್‌ಗೆ ಹತ್ತಿರ. ಅಲ್ಲಿನ ಗುಜರಾತಿ ಡಾಕ್ಟರು ರಕ್ತದ ವರದಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಅವರು ಕನ್ನಡಕ ಒರೆಸುವಾಗಲೇ ನನಗೆ ಗೊತ್ತಾಯಿತು.

“ಇದು ಹೋಗ್ತದಲ್ಲ, ಡಾಕ್ಟ್ರೇ?” ಎಂದು ಸುನಿಲ್ ಇಂಗ್ಲಿಷಿನಲ್ಲಿ ಕೇಳಿದ. ನೆಗಡಿಯ ಬಗ್ಗೆ ಕೇಳುವ ಹಾಗೆ.

ಸುದ್ದಿ ಊರಿಗೆ ಮುಟ್ಟಿತು. ಮಂಗಳೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, “ಬಾಳೆದಿಂಡು ತಿನ್ನು ಮಾರಾಯ್ತಿ, ನೀರು ಚೆನ್ನಾಗಿ ಕುಡಿ, ಎಲ್ಲ ಕರಗಿ ಹೋಗ್ತದೆ” ಅಂದರು. ಕಲ್ಲು ಎಂದುಕೊಂಡಿದ್ದರು. ಅಷ್ಟರಲ್ಲಿ ನನಗೆ ನೀರಿಗೂ ಅಳತೆ ಬಂದಿತ್ತು, ಬಾಳೆಯದೇನನ್ನೂ ಮುಟ್ಟುವ ಹಾಗಿರಲಿಲ್ಲ. ನನ್ನ ತಮ್ಮ ಮೊದಲ ಫೋನಿನಲ್ಲಿ, “ನನ್ನದೊಂದು ತಗೊ ಅಕ್ಕಾ” ಎಂದು ಅತ್ತ. ಎರಡನೆಯ ಸಲ ಅವನ ಹೆಂಡತಿ ಫೋನ್ ಎತ್ತಿ ಮಕ್ಕಳ ಪರೀಕ್ಷೆಯ ವಿಷಯ ಮಾತಾಡಿದಳು. ಮೂರನೆಯ ಸಲ ನಾನು ಮಾಡಲಿಲ್ಲ. ಸುನಿಲ್‌ಗೆ ಸಕ್ಕರೆ ಕಾಯಿಲೆ. ಅವನ ಕಿಡ್ನಿಯನ್ನು ಯಾರೂ ತೆಗೆಯುವಂತಿಲ್ಲ. ಉಳಿದದ್ದು ನಮ್ಮ ಒಬ್ಬಳೇ ಮಗಳು ನಿಶಾ. ಜರ್ಸಿ ಸಿಟಿಯಲ್ಲಿ ಒಬ್ಬಳೇ ಇದ್ದು ಕೆಲಸಕ್ಕೆ ಹೋಗುತ್ತಾಳೆ, ಭಾನುವಾರ ಊಟಕ್ಕೆ ಬರುತ್ತಾಳೆ. ಅವಳ ವಿಷಯವನ್ನು ನಾವಿಬ್ಬರೂ ಎತ್ತಲಿಲ್ಲ. “ಅವಳ ಮುಂದೆ ಇಡೀ ಜೀವನ ಉಂಟು” ಎಂದು ಸುನಿಲ್ ಒಮ್ಮೆ ಅಂದ. ನಾನು ಹೌದೆಂದೆ. ಹೌದೆಂದವಳು ಪ್ರತಿ ಭಾನುವಾರ ಅವಳು ಬಾಗಿಲು ತೆರೆದು ಒಳಗೆ ಬರುವಾಗ, ಇವತ್ತು ಅವಳೇ ಕೇಳಿಯಾಳು ಎಂದು ಕಾದೆ. ಅವಳು ತನ್ನ ಮ್ಯಾನೇಜರನ ವಿಷಯ ಹೇಳುತ್ತಿದ್ದಳು, ಪಾತ್ರೆ ತೊಳೆದಿಟ್ಟು, ನನ್ನ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದಳು.

ಡಯಾಲಿಸಿಸ್ ಸೆಂಟರ್ ಇದ್ದದ್ದು ಒಂದು ಸ್ಟ್ರಿಪ್ ಮಾಲ್‌ನಲ್ಲಿ, ನೇಲ್ ಸಲೂನಿಗೂ ಪಿಜ್ಜಾ ಅಂಗಡಿಗೂ ನಡುವೆ. ವಾರಕ್ಕೆ ಮೂರು ಬೆಳಿಗ್ಗೆ ಸುನಿಲ್ ನನ್ನನ್ನು ಅಲ್ಲಿ ಇಳಿಸಿ ಹೋಗುತ್ತಿದ್ದ. ಕೂತಿರುತ್ತೇನೆ ಎಂದು ಅವನು ಹಟ ಹಿಡಿದಿದ್ದ, ನಾನೇ ಕಳಿಸಿದೆ. ಅವನ ಕೆಲಸ ಹೋದರೆ ನನ್ನ ಇನ್ಶೂರೆನ್ಸೂ ಹೋಗುತ್ತಿತ್ತು. ಒಳಗೆ ಹೋಗಿ ತೂಕ ನೋಡಿಸಿಕೊಂಡು, ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ ಕೂತು ಎಡಗೈ ಚಾಚಿದರೆ ಎರಡು ದಪ್ಪ ಸೂಜಿ ಒಳಗೆ ಹೋಗುತ್ತಿದ್ದವು. ಆಮೇಲೆ ಚಳಿ. ಎಷ್ಟು ಕಂಬಳಿ ಹೊದ್ದರೂ ಮಿಷನ್ನಿನಿಂದ ಮರಳಿ ಬರುವ ರಕ್ತ ತಣ್ಣಗೆ ಅನ್ನಿಸುತ್ತಿತ್ತು. ಕೊನೆಯ ಗಂಟೆಯಲ್ಲಿ ಗೋಡೆಯಾಚೆಯಿಂದ ಟೊಮೆಟೊ, ಚೀಸ್ ಬೇಯುವ ವಾಸನೆ ಬರುತ್ತಿತ್ತು. ಎರಡೂ ನನಗೆ ವರ್ಜ್ಯ. ಗಾಜಿನ ಹೊರಗೆ ಪಿಜ್ಜಾ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಸೋಡಾದ ದೊಡ್ಡ ಲೋಟ ಹಿಡಿದು ನಡೆಯುವ ಪ್ರತಿಯೊಬ್ಬರ ಮೇಲೂ ನನಗೆ ಕಣ್ಣು.

ಪಕ್ಕದ ಕುರ್ಚಿ ಇಂಗ್ರಿಡ್ ಅವರದು. ಎಪ್ಪತ್ತರ ಹತ್ತಿರದ, ಬೆಳ್ಳಗಿನ ಗಿಡ್ಡ ಕೂದಲಿನ, ಗಟ್ಟಿ ದನಿಯ ಹೆಂಗಸು. ಯುದ್ಧದ ನಂತರ ಜರ್ಮನಿಯಿಂದ ಬಂದು ನ್ಯೂಆರ್ಕಿನಲ್ಲಿ ನೆಲೆಸಿದ ಬಡಗಿಯ ಮಗಳು. ಅವರ ಕಾಲ ಬಳಿ ಮಡಚುವ ಸ್ಟೂಲ್ ಹಾಕಿಕೊಂಡು ಮಗಳು ಕಾರಿನ್ ಕೂತಿರುತ್ತಿದ್ದಳು. ಕಾರಿನ್ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು, ತಾಯಿಗಾಗಿ ರಜೆ ಹಾಕಿದ್ದವಳು, ನಲವತ್ತು ದಾಟಿದವಳು. ತಾಯಿಯ ಮೀನಖಂಡ ಹಿಡಿದುಕೊಂಡರೆ ಕೇಳುವ ಮೊದಲೇ ಎದ್ದು ತಿಕ್ಕುತ್ತಿದ್ದಳು. ನನಗೂ ಮೀನಖಂಡ ಹಿಡಿಯುತ್ತಿತ್ತು. ನಾನು ಹಲ್ಲು ಕಚ್ಚಿ ಆ ಕಡೆ ನೋಡುತ್ತಿದ್ದೆ. ಕಾರಿನ್ ಒಂದೆರಡು ಸಲ ನನ್ನ ಕಾಲನ್ನೂ ತಿಕ್ಕಿಕೊಡಲು ಬಂದಳು. ಬೇಡವೆಂದೆ. ಬೇರೆಯವರ ಮಗಳ ಕೈ ಬೇಕಾಗಿರಲಿಲ್ಲ.

ಒಂದು ದಿನ ನಾನು ಆಫೀಸಿನ ಕೆಲಸದ ಕಾಗದ ತೊಡೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದೆ. ನನ್ನ ಕೆಲಸ ಅನುವಾದ. ಔಷಧ ಕಂಪನಿಗಳ ಜರ್ಮನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವುದು.

“ನಿನಗೆ ಜರ್ಮನ್ ಬರುತ್ತಾ?” ಎಂದು ಇಂಗ್ರಿಡ್ ತಮ್ಮ ಕುರ್ಚಿಯಿಂದ ಕೇಳಿದರು.

ಬರುತ್ತದೆ ಎಂದೆ.

“ಹಳೆಯ ಕೈಬರಹ? ಈಗ ಯಾರೂ ಬರೆಯದಂಥದ್ದು?”

ಅದೂ ಬರುತ್ತದೆ ಎಂದಾಗ ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮದುವೆಗೆ ಮೊದಲು ನಾನು ಮಂಗಳೂರಿನ ಒಂದು ದೇವಜ್ಞಾನ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಹಿಂದಿನ ಕಾಲದ ಜರ್ಮನ್ ಪಾದ್ರಿಗಳು ಊರಿಗೆ ಬರೆದ ವರದಿಗಳನ್ನು ಓದಿ ಪಟ್ಟಿ ಮಾಡುವುದು ಅಲ್ಲಿನ ಕೆಲಸ. ಆ ಬರಹದಲ್ಲಿ ‘e’ಯನ್ನು ನೋಡಿದರೆ ‘n’ ಅನ್ನಿಸುತ್ತದೆ, ‘u’ ಮೇಲೊಂದು ಕಮಾನು ಇರುತ್ತದೆ. ಕಣ್ಣು ಪಳಗುವವರೆಗೆ ಇರುವೆ ಸಾಲಿನಂತೆ ಕಾಣುತ್ತದೆ. ಒಮ್ಮೆ ಪಳಗಿತೆಂದರೆ ಮರೆಯುವುದಿಲ್ಲ.

ಮುಂದಿನ ಸಲ ಇಂಗ್ರಿಡ್ ಒಂದು ಪ್ಲಾಸ್ಟಿಕ್ ಚೀಲ ತಂದರು. ತಂದದ್ದನ್ನು ಕೂಡಲೇ ಪತ್ರಿಕೆಯೊಂದರ ಅಡಿ ಮುಚ್ಚಿದರು. ಒಳಗಿದ್ದದ್ದು ಅಂಗಿಯ ಜೇಬಿಗೆ ಹಿಡಿಯುವಷ್ಟು ಚಿಕ್ಕ, ಮಾಸಿದ ಕಂದು ಬಣ್ಣದ ಪುಸ್ತಕ. ಅವರ ಅಪ್ಪ ಯುದ್ಧದುದ್ದಕ್ಕೂ ಮೈಮೇಲೆ ಇಟ್ಟುಕೊಂಡಿದ್ದ ಸೈನಿಕನ ಪುಸ್ತಕ. ಹೊರಗೆ ಹದ್ದು, ಹದ್ದಿನ ಕಾಲಲ್ಲಿ ನಾಜಿಗಳ ಸ್ವಸ್ತಿಕ.

“ಇಲ್ಲಿ ಯಾರಾದರೂ ನೋಡಿದರೆ ಏನಂದುಕೊಳ್ತಾರೆ ಅಂತ ನಾಚಿಕೆ. ಆದರೆ ಇದು ಬೇಕಾಗಿದೆ” ಎಂದರು.

ಯಾಕೆ ಬೇಕೆಂದು ಕಾರಿನ್ ಹೇಳಿದಳು. ಅವಳು ತಾಯಿಗೆ ಕಿಡ್ನಿ ಕೊಡಲು ಹೊರಟಿದ್ದಳು. ರಕ್ತದ ಗುಂಪು ಕೂಡಿತ್ತು, ಬೇರೆ ಪರೀಕ್ಷೆಗಳೂ ಸರಿಬಂದಿದ್ದವು. ಆದರೆ ಇಂಗ್ರಿಡ್ ಅವರ ಕಿಡ್ನಿ ಯಾಕೆ ಕೆಟ್ಟಿತೆಂದು ಯಾರಿಗೂ ಗೊತ್ತಿರಲಿಲ್ಲ. ಪತ್ತೆಯಾಗುವ ಹೊತ್ತಿಗೆ ಅವು ಚಿಕ್ಕದಾಗಿ ಮುದುಡಿದ್ದವು. ವಂಶವಾಹಿಯ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಏನೂ ಸಿಕ್ಕಲಿಲ್ಲ. ‘ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ?’ ಎಂದು ಡಾಕ್ಟರು ಕೇಳಿದಾಗ ಇಂಗ್ರಿಡ್ ಸುಳ್ಳು ಹೇಳಲಿಲ್ಲ. ಅಪ್ಪನಿಗೆ ಯುದ್ಧದಲ್ಲಿ ಕಿಡ್ನಿ ಕಾಯಿಲೆ ಆಗಿತ್ತು ಎಂದುಬಿಟ್ಟರು. ಅಲ್ಲಿಗೆ ಎಲ್ಲ ನಿಂತಿತು. ಅದು ವಂಶದಲ್ಲಿ ಹರಿದು ಬರುವ ಕಾಯಿಲೆಯಾಗಿದ್ದರೆ ಕಾರಿನ್‌ಗೂ ಮುಂದೆ ಬಂದೀತು. ಅವಳ ಕಿಡ್ನಿಯನ್ನು ತೆಗೆಯುವಂತಿಲ್ಲ.

“ಫೋನಿನಲ್ಲಿ ಫೋಟೋ ಹಿಡಿದು ಓದಿಸಿದೆ. ‘ವೀರನ ಕಿಡ್ನಿ ಉರಿ’ ಅಂತ ಬಂತು” ಎಂದು ಕಾರಿನ್ ನಕ್ಕಳು. ಕಣ್ಣು ನಗಲಿಲ್ಲ.

ಭಾನುವಾರ ಮಧ್ಯಾಹ್ನ ನಿಶಾ ಬಂದು ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಡಿಸಿದೆ. ಸುನಿಲ್ ಒಲೆಯ ಹತ್ತಿರ ನನಗಾಗಿ ಬಟಾಟೆಯನ್ನು ಎರಡನೆಯ ಸಲ ಕುದಿಸಿ ನೀರು ಚೆಲ್ಲುತ್ತಿದ್ದ. ಹಾಗೆ ಮಾಡಿದರೆ ಪೊಟ್ಯಾಸಿಯಂ ಹೋಗುತ್ತದೆ, ರುಚಿಯೂ ಹೋಗುತ್ತದೆ.

ಮೊದಲ ಪುಟದಲ್ಲಿ ಫೋಟೋ. ವಯಸ್ಸಿನಲ್ಲಿ ನನ್ನ ಅಜ್ಜನ ಸಾಲಿನವನನ್ನು ‘ಅವನು’ ಎನ್ನುತ್ತಿದ್ದೇನೆ, ಯಾಕೆಂದರೆ ಅದರಲ್ಲಿ ಅವನು ನಿಶಾಳಿಗಿಂತ ಚಿಕ್ಕವನು. ಚಾಚಿದ ಕಿವಿ, ಎಲುಬಿನ ಮುಖ. ನಡುವಿನ ಪುಟಗಳಲ್ಲಿ ಆಸ್ಪತ್ರೆಗಳ ಪಟ್ಟಿ. ಯಾವ ಆಸ್ಪತ್ರೆ, ಯಾವಾಗ ಸೇರಿದ, ಏನು ಕಾಯಿಲೆ, ಯಾವಾಗ ಬಿಟ್ಟರು, ವೈದ್ಯರ ಸಹಿ. ಮೊದಲ ಸಾಲಿನಲ್ಲಿ ಕಾಯಿಲೆಯ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ. ಆ ಸೈನ್ಯದ ವೈದ್ಯರು ಕಾಯಿಲೆಗಳಿಗೆ ಸಂಖ್ಯೆ ಕೊಟ್ಟಿದ್ದರಂತೆ. ಹಳೆಯ ದಾಖಲೆ ಸಂಗ್ರಹಿಸುವವರು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ಪಟ್ಟಿಗೆ ಹೋಲಿಸಿದೆ, ಗುಂಡಿನ ಗಾಯ. ಎರಡನೆಯ ಸಾಲಿನಲ್ಲಿ ಮಾತ್ರ ಯಾರೋ ಒಬ್ಬ ವೈದ್ಯ ಅವಸರದಲ್ಲಿ ಅಕ್ಷರಗಳಲ್ಲೇ ಬರೆದಿದ್ದ. ‘ನೆಫ್ರೈಟಿಸ್’ ಎಂಬುದು ಯಾರಿಗಾದರೂ ಕಾಣುವಂತಿತ್ತು. ಅದಕ್ಕೆ ಅಂಟಿಕೊಂಡ ಮೊದಲ ಭಾಗದ ಮೇಲೆ ನೇರಳೆ ಮೊಹರು ಬಿದ್ದಿತ್ತು. ಅದಕ್ಕೂ ಮೊದಲು ಎರಡೋ ಮೂರೋ ಅಕ್ಷರದ ಒಂದು ಚುಟುಕು.

“ಎಂಥ ಓದುದು ಅಷ್ಟು ಹತ್ತಿರ ಹಿಡಿದು?” ಎಂದ ಸುನಿಲ್.

“ಇಂಗ್ರಿಡ್ ಅಪ್ಪನ ಕಾಯಿಲೆ.”

“ಅವರು ಸತ್ತು ಎಷ್ಟು ಕಾಲ ಆಯ್ತು. ಈಗ ಎಂಥ ಕಾಯಿಲೆ?”

ಆ ಚುಟುಕು ಅಕ್ಷರಗಳು ‘ಹಳೆಯದು, ಹೋಗದ್ದು’ ಎಂಬ ಅರ್ಥದವಾಗಿದ್ದರೆ ಕಾರಿನ್‌ಳ ಕಥೆ ಮುಗಿಯಿತು. ಇಂಗ್ರಿಡ್ ಕೂಡ ನನ್ನ ಹಾಗೆ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು. ಹಾಗೆ ಆಗಲಿ ಎಂದು ಮನಸ್ಸು ಬಯಸಿತೇ? ಬಯಸಿತು. ಬಯಸುತ್ತಲೇ ನಾನು ದೀಪವನ್ನು ಇನ್ನೂ ಹತ್ತಿರ ಎಳೆದುಕೊಂಡೆ. ಓದುವ ಕಣ್ಣಿಗೆ ನನ್ನ ಮನಸ್ಸಿನ ಹಂಗಿರಲಿಲ್ಲ. ಅದು ‘ak.’ ಎಂದು ಓದಿತು. ‘ಅಕ್ಯೂಟ್’, ಈಗಷ್ಟೇ ಬಂದದ್ದು. ಮೊಹರಿನ ಕೆಳಗಿದ್ದದ್ದು ‘Feld’. ಫೆಲ್ಟ್, ಅಂದರೆ ರಣರಂಗ. ಆ್ಯಪ್ ಅದನ್ನು ‘Held’, ವೀರ, ಎಂದು ತಿಳಿದಿತ್ತು. ಕಂದಕಗಳ ಕೆಸರಿನಲ್ಲಿ ಮಲಗಿದ ಸೈನಿಕರಿಗೆ ಗುಂಪುಗುಂಪಾಗಿ ಬರುತ್ತಿದ್ದ ಕಿಡ್ನಿ ಕಾಯಿಲೆಗೆ ಆಗಿನವರು ಇಟ್ಟ ಹೆಸರು ಅದು. ಹೊರಗಿನಿಂದ ಬಂದದ್ದು, ವಂಶದ್ದಲ್ಲ.

ಕೊನೆಯ ಅಂಕಣದಲ್ಲಿ ‘geheilt’ ಎಂದಿತ್ತು. ಗುಣವಾಗಿದೆ. ಪುಸ್ತಕದ ನಡುವೆ ಮಡಚಿಟ್ಟಿದ್ದ ಒಂದು ಚೀಟಿಯೂ ಸಿಕ್ಕಿತು. ಆಮೇಲೊಮ್ಮೆ ಕೈಗೆ ಪೆಟ್ಟಾಗಿ ಆಸ್ಪತ್ರೆ ಸೇರಿದಾಗಿನದು. ಅದರಲ್ಲಿ ಮೂತ್ರ ಪರೀಕ್ಷೆಯ ಮುಂದೆ ‘o.B.’ ಎಂಬ ಎರಡು ಅಕ್ಷರ. ಹೇಳಿಕೊಳ್ಳುವಂಥ ದೋಷವೇನೂ ಇಲ್ಲ ಎಂದು ಅದರ ಅರ್ಥ.

ನಾನು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ.

“ಏನಾಯ್ತು?” ಸುನಿಲ್ ತಿರುಗಿದ.

“ಇವನಿಗೂ ಕಾಲು ಊದಿತ್ತು. ಇವನಿಗೂ ನೊರೆ ಬಂದಿರಬೇಕು. ಒಂದು ಮಂಚ, ಒಂದಿಷ್ಟು ಪಥ್ಯ, ಅಷ್ಟೇ. ಗುಣ ಆಯ್ತು ನೋಡು ಇವನಿಗೆ! ಡಯಾಲಿಸಿಸ್ ಇಲ್ಲದ ಕಾಲದಲ್ಲಿ! ನನಗೆ ಈ ಊರಿನಲ್ಲಿ, ಇಷ್ಟೆಲ್ಲ ಮಿಷನ್ ಇಟ್ಟುಕೊಂಡು...”

“ನಿಂಗೆ ಮರ್ಲಾ ಎಂಥ, ತಲೆ ಸರಿ ಉಂಟಾ? ಆ ನಾಜಿ ಸೈನ್ಯದವನ ಮೇಲೆ ಹೊಟ್ಟೆಕಿಚ್ಚಾ?”

“ಸೈನ್ಯದ ಮೇಲಲ್ಲ. ಕಿಡ್ನಿಯ ಮೇಲೆ.”

ಸುನಿಲ್ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದು ಕೂತ. ಒಲೆಯ ಮೇಲೆ ಬಟಾಟೆಯ ತಳ ಹಿಡಿದ ವಾಸನೆ ಬಂದಾಗ ಎದ್ದು ಹೋದ. ಆ ಹೊತ್ತು ಅವನು ‘ಎಲ್ಲ ಸರಿಹೋಗ್ತದೆ’ ಎನ್ನದೆ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ.

ಸೋಮವಾರ ಸೂಜಿ ಹಾಕಿಸಿಕೊಂಡ ಮೇಲೆ ನಾನು ಬರೆದು ತಂದದ್ದನ್ನು ಓದಿ ಹೇಳಿದೆ. ನಾನು ವೈದ್ಯೆಯಲ್ಲ, ಅಕ್ಷರ ಓದಬಲ್ಲೆ ಅಷ್ಟೇ ಎಂದೂ ಹೇಳಿದೆ. ಕಾರಿನ್ ಸ್ಟೂಲಿನಿಂದ ಎದ್ದು, ಎಲ್ಲಿಗೆ ಹೋಗುವುದೆಂದು ತಿಳಿಯದೆ, ನನ್ನ ಮಿಷನ್ನಿಗೂ ಅವಳ ತಾಯಿಯ ಮಿಷನ್ನಿಗೂ ನಡುವೆ ನಿಂತು ಅಳತೊಡಗಿದಳು. ಆಮೇಲೆ ಫೋನ್ ಮಾಡಲು ಹೊರಗೆ ಓಡಿದಳು.

ಇಂಗ್ರಿಡ್ ಮಾತ್ರ ಪುಸ್ತಕ ನೋಡುತ್ತ ಕೂತಿದ್ದರು. “ಈ ಎರಡು ಅಕ್ಷರ ಯಾವುದು?” ಎಂದು ‘geheilt’ನ ಪಕ್ಕಕ್ಕೆ ಬೆರಳಿಟ್ಟರು.

“ಕೆ.ವಿ. ಯುದ್ಧಕ್ಕೆ ಯೋಗ್ಯ ಅಂತ.”

“ಹಾಗಾದರೆ ಇದೇ ಅದು. ಅಪ್ಪ ಜಾಸ್ತಿ ಮಾತಾಡುವವನಲ್ಲ. ಕುಡಿದರೆ ಆ ಆಸ್ಪತ್ರೆಯ ವಿಷಯ ಮಾತ್ರ ಹೇಳುತ್ತಿದ್ದ. ಬಿಳಿ ಹಾಸಿಗೆ, ಬಿಸಿ ಹಾಲು. ಪಕ್ಕದ ಮಂಚದಲ್ಲಿ ಇನ್ನೊಬ್ಬ ಹುಡುಗ ಇದ್ದನಂತೆ, ಅದೇ ಕಾಯಿಲೆ. ಅವನ ಊತ ಇಳಿಯಲಿಲ್ಲ, ಮನೆಗೆ ಕಳಿಸಿದರು. ಅಪ್ಪನ ಊತ ಇಳಿಯಿತು, ರಷ್ಯಕ್ಕೆ ಕಳಿಸಿದರು. ಸಾಯುವವರೆಗೂ ಅಪ್ಪ ಆ ಹುಡುಗನಿಗೆ ಬೈಯುತ್ತಿದ್ದ. ‘ಅದೃಷ್ಟವಂತ ಹಂದಿ’ ಅಂತ.”

“ಆ ಹುಡುಗ ಬದುಕಿದನಾ?”

“ಆ ಕಿಡ್ನಿ ಇಟ್ಟುಕೊಂಡು? ಆಗ? ನನಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.” ಇಂಗ್ರಿಡ್ ಪುಸ್ತಕ ಮುಚ್ಚಿ ಹೇಳಿದರು, “ಆಸ್ಪತ್ರೆಯಿಂದ ಹೋದ ಮೇಲೆ ಅಪ್ಪ ಅಲ್ಲಿ ಏನು ಮಾಡಿದ ಅನ್ನುವುದನ್ನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅದು ಈ ಪುಸ್ತಕದಲ್ಲಿ ಇಲ್ಲ, ಅಲ್ವಾ?”

ಇಲ್ಲ ಎಂದೆ. ಇರಲಿಲ್ಲ.

ಕಾರಿನ್ ಗಾಜಿನ ಹೊರಗೆ, ಪಿಜ್ಜಾ ಅಂಗಡಿಯ ಮುಂದೆ, ಫೋನಿನಲ್ಲಿ ಕೈಬೀಸಿ ಮಾತಾಡುತ್ತಿದ್ದಳು. ಅವಳನ್ನು ನೋಡುತ್ತ ನನ್ನ ಬಾಯಿಂದ ಮಾತು ಹೊರಬಿತ್ತು. “ಇಂಗ್ರಿಡ್, ಐ ಆ್ಯಮ್ ಸೋ ಜೆಲಸ್ ಆಫ್ ಯು.”

“ಗೊತ್ತು” ಎಂದರು ಇಂಗ್ರಿಡ್. “ಅವಳು ನನ್ನ ಕಾಲು ತಿಕ್ಕುವಾಗ ನಿನ್ನ ಮುಖ ನೋಡಿದ್ದೇನೆ. ನಿನಗೆ ಮಗಳಿದ್ದಾಳಲ್ಲ?”

“ಇದ್ದಾಳೆ. ಅವಳು ಏನೂ ಹೇಳಿಲ್ಲ.”

“ಕಾರಿನ್ ತಾನಾಗಿ ಬಂದು ಕೊಡ್ತೀನಿ ಅಂದಳು ಅಂದುಕೊಂಡ್ಯಾ?” ಇಂಗ್ರಿಡ್ ಗಟ್ಟಿಯಾಗಿಯೇ ನಕ್ಕರು. ಆಚೆ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದವರೊಬ್ಬರು ಕಣ್ಣುಬಿಟ್ಟರು. “ನಾನು ಕೇಳಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮಧ್ಯೆ, ಎಲ್ಲರ ಎದುರು. ಅವಳ ಗಂಡ ಫೋರ್ಕ್ ಬೀಳಿಸಿದ. ಒಂದು ವಾರ ಅವಳು ನನ್ನ ಹತ್ತಿರ ಮಾತಾಡಲಿಲ್ಲ.”

ಆಪರೇಷನ್ ಆದದ್ದು ಮ್ಯಾನ್‌ಹ್ಯಾಟನ್‌ನಲ್ಲಿ, ಹಿಮ ಕರಗುವ ಕಾಲದಲ್ಲಿ. ಕಿಡ್ನಿ ಕಸಿ ಮಾಡುವ ತಂಡದ ಡಾಕ್ಟರು ನನ್ನ ಅನುವಾದವನ್ನು ಫೈಲಿಗೆ ಸೇರಿಸಿ, ‘ಇದು ಹೊಂದುತ್ತದೆ’ ಎಂದರಂತೆ. ಇನ್ನೊಂದೆರಡು ಪರೀಕ್ಷೆ ಮಾಡಿ ಒಪ್ಪಿದರಂತೆ. ಪಕ್ಕದ ಕುರ್ಚಿಗೆ ಕೂತಷ್ಟು ಹೊತ್ತೂ ಟಿವಿ ನೋಡುವ ಒಬ್ಬ ಮೌನಿ ಮುದುಕರು ಬಂದರು. ‘ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ’ ಎಂದು ಕಾರಿನ್‌ಳ ಗಂಡ ಮೆಸೇಜ್ ಕಳಿಸಿದ. ನಾನು ಹೃದಯದ ಚಿತ್ರವೊಂದನ್ನು ಒತ್ತಿ ಫೋನ್ ಬೋರಲು ಹಾಕಿದೆ. ಆ ವಸಂತ ನನಗೆ ಬಹಳ ಕೆಟ್ಟದಾಗಿ ಕಳೆಯಿತು. ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಯಾರದೋ ಮಗುವಿಗೆ ಹಲ್ಲು ಬಂತೆಂದು ಹೇಳಿ ಕೃತಜ್ಞತೆ ಸಲ್ಲಿಸಿದರೂ ನನಗೆ ಕೋಪ ಬರುತ್ತಿತ್ತು. ಇಂಗ್ರಿಡ್ ಎರಡು ಮೂರು ಸಲ ಫೋನ್ ಮಾಡಿದರು. ಒಮ್ಮೆ ಎತ್ತಿದೆ, ಸುಸ್ತು ಎಂದೆ.

“ಒಮ್ಮೆ ಹೋಗಿ ನೋಡಿ ಬರುವ” ಎಂದು ಸುನಿಲ್ ಹಿಡಿದ ಹಟ ಬಿಡಲಿಲ್ಲ. “ನೀನು ಓದಿ ಹೇಳಿದ್ದಕ್ಕೇ ಅಲ್ವಾ ಅವರಿಗೆ ಸಿಕ್ಕಿದ್ದು? ಒಂದು ಚಾ ಕುಡಿದು ಬರುವ.”

“ನಾನು ಅರ್ಧ ಕಪ್ ಕುಡಿದು, ಅವರು ಕುಡಿಯುವುದನ್ನು ನೋಡ್ತಾ ಕೂರಬೇಕಾ?”

“ಹೌದು, ನೋಡು. ನಾನೂ ನೋಡ್ತೇನೆ.”

ಇಂಗ್ರಿಡ್ ಆಗ ಫೋರ್ಟ್ ಲೀಯಲ್ಲಿ ಕಾರಿನ್‌ಳ ಅಪಾರ್ಟ್‌ಮೆಂಟಿನಲ್ಲಿದ್ದರು. ಆಸ್ಪತ್ರೆಗೆ ಅಲ್ಲಿಂದ ಸೇತುವೆ ದಾಟಿದರೆ ಸಾಕು. ಎತ್ತರದ ಮಹಡಿ. ಕಿಟಕಿಯ ತುಂಬ ಸೇತುವೆ, ಅದರ ಮೇಲೆ ಸಾಲುಗಟ್ಟಿದ ಲಾರಿಗಳು. ಬಾಗಿಲಲ್ಲೇ ಮಾಸ್ಕ್ ಕೊಟ್ಟರು. ಇಂಗ್ರಿಡ್ ಅವರನ್ನು ನೋಡಿ ನನಗೆ ಗುರುತೇ ಹತ್ತಲಿಲ್ಲ. ಬೂದಿ ಬಣ್ಣದ ಮುಖ ಕೆಂಪಾಗಿ, ಮಾತ್ರೆಗಳಿಂದ ಸ್ವಲ್ಪ ಉಬ್ಬಿ, ಹುಡುಗಿಯಂತೆ ಆಗಿತ್ತು. ಎದುರಿಗೆ ದೊಡ್ಡ ನೀರಿನ ಬಾಟಲಿ. ಅದನ್ನು ದಿನಕ್ಕೆ ಹಲವು ಸಲ ಖಾಲಿ ಮಾಡಲೇಬೇಕೆಂದು ಡಾಕ್ಟರ ಆಜ್ಞೆಯಂತೆ.

ಮಾತು ಆರಂಭಿಸಿದ್ದೇವೋ ಇಲ್ಲವೋ ಅವರು ಎದ್ದರು. “ಒಂದು ನಿಮಿಷ” ಎಂದು ಪಕ್ಕದ ಬಾತ್‌ರೂಮಿಗೆ ಹೋದರು. ಗೋಡೆ ತೆಳು. ನನಗೆ ಎಲ್ಲ ಕೇಳಿಸಿತು.

ಡಯಾಲಿಸಿಸ್ ಮಾಡಿಸಿಕೊಳ್ಳದವರಿಗೆ ಇದು ಹೇಗೆ ಅರ್ಥವಾದೀತೋ ಗೊತ್ತಿಲ್ಲ. ಕಿಡ್ನಿ ಸತ್ತ ಮೇಲೆ ನಮ್ಮಂಥವರಿಗೆ ಮೂತ್ರ ನಿಂತುಹೋಗುತ್ತದೆ. ನಾನು ಬಾತ್‌ರೂಮಿಗೆ ಆ ಕಾರಣಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಸಿನಿಮಾ ನೋಡುವಾಗ ನಡುವೆ ಎದ್ದು ಹೋಗುವವರನ್ನು, ದಾರಿಯಲ್ಲಿ ಕಾರು ನಿಲ್ಲಿಸಿ ಎನ್ನುವವರನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಈಗ ಗೋಡೆಯಾಚೆ ಒಬ್ಬ ಎಪ್ಪತ್ತರ ಹೆಂಗಸು ಸದ್ದು ಮಾಡಿಕೊಂಡು, ಧಾರಾಳವಾಗಿ, ಮುಗಿಯದಂತೆ ಉಚ್ಚೆ ಹೊಯ್ಯುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಸುನಿಲ್ ನೆಲ ನೋಡುತ್ತಿದ್ದ. ಕಾರಿನ್ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೆ ನಗು ತಡೆಯಲಾಗಲಿಲ್ಲ. ಆಪರೇಷನ್ನಿನ ಗಾಯ ಇನ್ನೂ ಪೂರ್ತಿ ಮಾಗಿರದ ಕಾರಿನ್ ಪಕ್ಕೆ ಹಿಡಿದುಕೊಂಡು, “ನಗಿಸಬೇಡ, ನೋವಾಗ್ತದೆ” ಎಂದು ಬೇಡಿಕೊಂಡಳು. ಇಂಗ್ರಿಡ್ ಹೊರಗೆ ಬಂದು, “ಏನು?” ಎಂದರು. ನಾವಿರುವಷ್ಟು ಹೊತ್ತು ಅವರು ಮತ್ತೆ ಮತ್ತೆ ಎದ್ದು ಹೋದರು. ಪ್ರತಿ ಸಲವೂ ನನಗೆ ಹೊಟ್ಟೆ ಉರಿಯಿತು, ಪ್ರತಿ ಸಲವೂ ನಗು ಬಂತು.

ಹಿಂದಿರುಗುವಾಗ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಾನು ಸುನಿಲ್‌ಗೆ, “ಜರ್ಸಿ ಸಿಟಿಯ ಎಕ್ಸಿಟ್ ತಗೊ” ಎಂದೆ.

“ಎಂಥಕ್ಕೆ?”

“ನಾನು ನಿಶಾನ ಹತ್ತಿರ ಕೇಳಬೇಕು.”

ಅವನು ಇಂಡಿಕೇಟರ್ ಹಾಕಿದ.

ನಿಶಾ ಬಾಗಿಲು ತೆರೆದಾಗ ಅವಳ ಕೂದಲು ಒದ್ದೆಯಾಗಿತ್ತು. ನಾನು ಶೂ ಕೂಡ ಬಿಚ್ಚದೆ ಕೇಳಿದೆ. ಇಂಗ್ಲಿಷಿನಲ್ಲಿ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದ್ದೆ. ಬಾಯಿಗೆ ಬಂದದ್ದು ಕನ್ನಡವೇ. “ನಿಂದೊಂದು ಕಿಡ್ನಿ ನಂಗೆ ಕೊಡ್ತೀಯಾ ಮಗಾ?”

ಅವಳು ಟವೆಲಿನ ತುದಿಯಿಂದ ಮುಖ ಮುಚ್ಚಿಕೊಂಡಳು. “ಡ್ಯಾಡ್ ಟೋಲ್ಡ್ ಮಿ ನಾಟ್ ಟು ಬ್ರಿಂಗ್ ಇಟ್ ಅಪ್” ಎಂದಳು ಟವೆಲಿನ ಒಳಗಿನಿಂದ. “ಹಿ ಸೆಡ್ ಯು ವುಡ್ ಗೆಟ್ ಅಪ್‌ಸೆಟ್. ಅಮ್ಮ, ನೀನು ಕೇಳೇ ಇಲ್ಲ. ನಂದು ನಿಂಗೆ ಬೇಡ ಅಂತ ಅಂದುಕೊಂಡೆ.”

ನಾನು ಸುನಿಲ್ ಕಡೆ ತಿರುಗಿದೆ. ಅವನು ಲಿಫ್ಟಿನ ಬಾಗಿಲ ಹತ್ತಿರವೇ ನಿಂತು, ನಮ್ಮ ಕಡೆ ಬೆನ್ನು ಮಾಡಿ, ಕನ್ನಡಕ ಒರೆಸಿಕೊಳ್ಳುತ್ತಿದ್ದ.

ನಿಶಾಳ ಪರೀಕ್ಷೆಗಳು ಬೇಸಿಗೆಯಲ್ಲಿ ನಡೆದವು. ರಕ್ತದ ಗುಂಪು ಕೂಡಿತು. ನಾನು ಆ ದಿನಗಳಲ್ಲಿ ಸೆಂಟರಿನಲ್ಲಿ ಎಲ್ಲರನ್ನೂ ಮಾತಾಡಿಸಿದೆ, ಮೌನಿ ಮುದುಕರನ್ನು ಸಹ. ದಾನಿಯ ವರದಿಯನ್ನು ಆಸ್ಪತ್ರೆಯವರು ದಾನಿಗೆ ಮಾತ್ರ ಹೇಳುತ್ತಾರೆ, ಪಡೆಯುವವರಿಗೆ ಹೇಳುವುದಿಲ್ಲ. ಆದ್ದರಿಂದ ಒಂದು ಶನಿವಾರ ನಿಶಾ, “ಅಮ್ಮ, ಓಕ್ ಟ್ರೀ ರೋಡಿಗೆ ಹೋಗೋಣ, ನಾವಿಬ್ಬರೇ” ಎಂದಾಗ, ಒಳ್ಳೆಯ ಸುದ್ದಿ ಹೇಳಲಿಕ್ಕೇ ಇರಬೇಕೆಂದು ನನಗೆ ಒಳಗೊಳಗೇ ಖುಷಿಯಾಯಿತು. ಭಾರತದವರ ಅಂಗಡಿಗಳೇ ತುಂಬಿದ ಆ ಬೀದಿಯಲ್ಲಿ, ಸಿಹಿ ಅಂಗಡಿಯೊಂದರ ಹಿಂದಿನ ಪಾರ್ಕಿಂಗಿನಲ್ಲಿ ಕಷ್ಟಪಟ್ಟು ಒಂದು ಜಾಗ ಹಿಡಿದು ಕಾರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ.

“ಅಮ್ಮ, ಐ ಹ್ಯಾವ್ ಓನ್ಲಿ ಒನ್” ಎಂದಳು.

“ಒನ್ ಏನು?”

“ಕಿಡ್ನಿ. ಹುಟ್ಟಿದಾಗಿನಿಂದ. ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಯ್ತು. ದೇ ಲುಕ್ಡ್ ಟ್ವೈಸ್. ಕೆಲವರು ಹಾಗೇ ಹುಟ್ತಾರಂತೆ. ನಂಗೇನೂ ತೊಂದರೆ ಇಲ್ಲ, ದೊಡ್ಡದಾಗಿ, ಚೆನ್ನಾಗಿ ಕೆಲಸ ಮಾಡ್ತಾ ಇದೆಯಂತೆ. ವರ್ಷಕ್ಕೊಮ್ಮೆ ತೋರಿಸಬೇಕು, ಅಷ್ಟೇ. ಬಟ್ ಐ ಕಾಂಟ್...”

ನಾನು ಹೆತ್ತ ಮಗು. ಎಣ್ಣೆ ಹಚ್ಚಿ, ಮೀಯಿಸಿ, ತಿರುಗಿಸಿ ಮಲಗಿಸಿದ ಬೆನ್ನು. ಆ ಬೆನ್ನಿನ ಒಂದು ಪಕ್ಕದಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿರಲಿಲ್ಲ. ನನ್ನ ಮನಸ್ಸಿಗೆ ಮೊದಲು ಬಂದದ್ದು ಕಿಡ್ನಿ ತಪ್ಪಿದ ದುಃಖವಲ್ಲ. ಇವಳದು ತೆಗೆದುಬಿಟ್ಟಿದ್ದರೆ ಎಂಬ ಭಯ. ತೆಗೆಯುವ ಮೊದಲು ನೋಡುತ್ತಾರೆ ಎಂಬುದು ಗೊತ್ತಿದ್ದರೂ ಆ ಭಯ ಹೋಗಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟೆ. ಇಲ್ಲದ್ದು ಯಾವ ಪಕ್ಕದ್ದು ಎಂದು ಕೇಳಿದೆ. ಎಡಗಡೆಯದು ಎಂದಳು. ಅಲ್ಲಿ ಕೈ ಇಟ್ಟುಕೊಂಡೆ.

ಹಿಂದೆ ಒಂದು ಕಾರು ಬಂದು, ನಾವು ಹೊರಡುತ್ತಿದ್ದೇವೆ ಎಂದುಕೊಂಡು ದೀಪ ಮಿಟುಕಿಸುತ್ತ ನಿಂತಿತು. ಓಕ್ ಟ್ರೀ ರೋಡಿನಲ್ಲಿ ಶನಿವಾರ ಪಾರ್ಕಿಂಗ್ ಸಿಗುವುದು ಪುಣ್ಯವಂತರಿಗೆ ಮಾತ್ರ.

“ಐ ಹೇಟ್ ಕಾರಿನ್” ಎಂದಳು ನಿಶಾ ಇದ್ದಕ್ಕಿದ್ದ ಹಾಗೆ. ಕಾರಿನ್‌ಳನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. “ಶಿ ಹ್ಯಾಡ್ ಎ ಸ್ಪೇರ್, ಅಮ್ಮ. ನಂಗೆ ಒಂದು ಸ್ಪೇರ್ ಕೂಡ ಇಲ್ಲ. ಅವಳು ಕೊಟ್ಟು ಎಲ್ಲರ ಹತ್ತಿರ ಗುಡ್ ಡಾಟರ್ ಅನ್ನಿಸಿಕೊಂಡಳು. ಐ ಆ್ಯಮ್ ಸೋ ಜೆಲಸ್, ಐ ಕುಡ್ ಸ್ಕ್ರೀಮ್.”

“ಕಿರುಚು” ಎಂದೆ.

“ಇಲ್ಲಾ?”

“ಇಲ್ಲೇ. ಯಾರಿಗೆ ಕೇಳ್ತದೆ?”

ಅವಳು ಕಿರುಚಿದಳು. ಕಾರಿನ ಗಾಜು ನಡುಗುವಂತೆ, ಸ್ಟಿಯರಿಂಗ್ ಹಿಡಿದುಕೊಂಡು. ಅವಳ ಜೊತೆ ನಾನೂ ಕಿರುಚಿದೆ. ಉಸಿರು ಕಟ್ಟುವವರೆಗೆ ಕಿರುಚಿ ಇಬ್ಬರೂ ಸೀಟಿಗೆ ಒರಗಿದೆವು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಕಿಟಕಿ ಇಳಿಸಿ, “ಆಂಟಿ, ಆರ್ ಯು ಲೀವಿಂಗ್?” ಎಂದು ಕೂಗಿದ.

ನಿಶಾ ಕಣ್ಣು ಒರೆಸಿಕೊಂಡು ಗೇರಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

“ಹೋಗುದು ಬೇಡ” ಎಂದೆ. “ಕಾಯಲಿ ಅವನು.”